ತಾನೇ ಮೇಲೆ ಬರುವ ಯಂತ್ರ

ಸಮುದ್ರದ ತಳದಲ್ಲಿ ತಾನೇ ದಾರಿ ಹುಡುಕಿಕೊಂಡು ಓಡಾಡುವ ಯಂತ್ರಗಳನ್ನು ಮಾಡುವುದು ನನ್ನ ಕೆಲಸ. ಒಳಗೆ ಮನುಷ್ಯರಿರುವುದಿಲ್ಲ, ಹಿಡಿದೆಳೆಯಲು ಹಗ್ಗವೂ ಇರುವುದಿಲ್ಲ. ನಾರಾಯಣಪೇಟೆಯಲ್ಲಿ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುತ್ತಿದ್ದ ಅಣ್ಣನಿಗೆ ಇದು ದೊಡ್ಡ ತಮಾಷೆ. "ನಿನಗಽ ಈಜಾಕ ಬರಂಗಿಲ್ಲ, ಮಷಿನ್ನಿಗೆ ಏನ್ ಕಲಿಸ್ತೀಯವ್ವ?" ಎನ್ನುತ್ತಿದ್ದ. ಅವನಿಗೇನು ಬರುತ್ತಿತ್ತೇ? ಬೋರು ಕೊರೆಸಿದರೂ ನೀರು ಕಾಣದ ಕಡೆಯವರು ನಾವು.

ಹೋದ ವರ್ಷ ಅಮಾವಾಸ್ಯೆಯ ಸ್ನಾನಕ್ಕೆಂದು ಮಕ್ತಲ್ ಹತ್ತಿರ ಕೃಷ್ಣೆಗೆ ಇಳಿದವನು ಕಾಲು ಜಾರಿ ಮುಳುಗಿ ಹೋದ. ಅಲ್ಲಿ ಜೂರಾಲ ಅಣೆಕಟ್ಟಿನ ಹಿನ್ನೀರು ಬಹಳ ಆಳ. ಗದ್ವಾಲ್ ಕಡೆಯ ಮೀನುಗಾರರು ಬಲೆ ಹಾಕಿ ಹುಡುಕಿ ಕೈಚೆಲ್ಲಿದರು. ದೇಹ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಡುವುದುಂಟು; ಹಿರಿಯರು ಹಾಗೇ ಮಾಡೋಣ ಎಂದರು. ಅವ್ವ ಒಪ್ಪಲಿಲ್ಲ. ಅವನು ಅರ್ಧ ನೇಯ್ದಿಟ್ಟ ಸೀರೆಯನ್ನು ಮಗ್ಗದಿಂದ ಇಳಿಸಲೂ ಬಿಡಲಿಲ್ಲ.

"ನೀರಾಗ ಇಲ್ಲಂದ್ರ ಎಲ್ಲೋ ದಡ ಹತ್ತ್ಯಾನ. ಮಗಳು ಮಷಿನ್ ತಂದು ನೋಡ್ಲಿ, ಆಮ್ಯಾಲ ಹೇಳ್ರಿ," ಎಂದಳು.

ನನಗೆ ಸಿಟ್ಟು ಬಂತು, ಅವ್ವನ ಮೇಲಲ್ಲ, ಆ ಆಸೆಯ ಮೇಲೆ. ಆದರೂ ಕಚೇರಿಯಲ್ಲಿ ಮೇಲಿನವರ ಕೈಕಾಲು ಹಿಡಿದು, ಪರೀಕ್ಷೆಗೆಂದು ಮಾಡಿದ್ದ ಒಂದು ಸಣ್ಣ ಯಂತ್ರವನ್ನು ತಂದೆ. ಹರಿಗೋಲಿನಲ್ಲಿ ಹೋಗಿ ನೀರಿಗೆ ಬಿಟ್ಟು ಬಂದು ದಡದಲ್ಲಿ ಅವ್ವನ ಪಕ್ಕ ಕೂತೆ.

ಚಾರ್ಜು ಇಳಿದರೆ ಹೊಟ್ಟೆಯ ಕಬ್ಬಿಣದ ತೂಕ ಕಳಚಿ ತಾನೇ ಮೇಲೆ ಬರುವಂತೆ ಅದನ್ನು ಮಾಡಿರುತ್ತೇವೆ. ಇದನ್ನು ಅವ್ವನಿಗೆ ಹೇಳಿರಲಿಲ್ಲ. ಮಧ್ಯಾಹ್ನ, ದೂರದಲ್ಲಿ ನೀರು ಅಲುಗಿ ಏನೋ ತೇಲಿತು. ಅವ್ವ ಅಣ್ಣನ ಹೆಸರು ಕೂಗುತ್ತ ಮೊಣಕಾಲುದ್ದ ನೀರಿನವರೆಗೆ ಓಡಿದಳು. ನಾನು ಹಿಂದಿನಿಂದ ಹಿಡಿದುಕೊಂಡೆ. ತೇಲುತ್ತಿದ್ದುದು ಹಳದಿ ಬಣ್ಣದ ನನ್ನ ಯಂತ್ರ.

ಅದು ತಂದ ಚಿತ್ರಗಳಲ್ಲಿ ಬಂಡೆ, ಜಾಲಿಮರದ ಬೊಡ್ಡೆ, ಹರಿದ ಬಲೆ ಇದ್ದವು. ಅಣ್ಣ ಇರಲಿಲ್ಲ. ಅವ್ವ ಆ ಚಿತ್ರಗಳನ್ನು ನೋಡಲೇ ಇಲ್ಲ. ಒದ್ದೆ ಯಂತ್ರದ ಮೇಲೆ ಕೈಯಾಡಿಸುತ್ತ ಕೂತಿದ್ದಳು.

"ಇದಕ್ಕ ಮ್ಯಾಲ ಬರಾಕ ಕಲಿಸೀದಿ," ಎಂದಳು. "ಅವಗ ಕಲಿಸಾಕ ನಮ್ಮ ಮನ್ಯಾಗ ಯಾರಿಗೂ ಬರ್ತಿರಲಿಲ್ಲ."

ಬಸ್ಸು ಹಿಡಿದು ಊರಿಗೆ ಬಂದೆವು. ಮರುದಿನ ಅವ್ವ ತಾನೇ ಮಗ್ಗದ ಕುಣಿಗಿಳಿದು, ಅವನು ನೇಯ್ದಷ್ಟು ಸೀರೆಯನ್ನು ಕತ್ತರಿಸಿ ತೆಗೆದಳು. ದರ್ಭೆಯ ಗೊಂಬೆಗೆ ಅದನ್ನೇ ಹೊದಿಸಿದೆವು. ಅರ್ಧ ಸೀರೆಯೇ ಸಾಕಾಯಿತು. ಗೊಂಬೆ ಅಷ್ಟು ಸಣ್ಣದಿತ್ತು.