ಯಾರೂ ನಾಲಿಗೆಗೆ ಹಚ್ಚದ ದಾಳಿಂಬೆ ಹುಳಿ

ಕೋಳಿ ತಿನ್ನದ ಮನೆಯವರು ನಾವು, ಮರಾಠಿ ಗಡಿಯ ಸಂಖ ಊರಿನ ಹತ್ತಿರ ಕೋಳಿ ಸಾಕಿಯೇ ಬದುಕುತ್ತಿದ್ದೆವು. ಮುಂಜಾನೆ ಲಿಂಗಪೂಜೆ, ಆಮೇಲೆ ಶೆಡ್ಡಿಗೆ ಹೋಗಿ ಬ್ರಾಯ್ಲರ್ ಮರಿಗಳಿಗೆ ನೀರು. ಬೆಳೆದ ಕೋಳಿಗಳು ಗಾಡಿ ಹತ್ತುವಾಗ ನನ್ನ ಅತ್ತೆ ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತಿದ್ದರು, ಗಾಡಿ ತಿರುವು ದಾಟಿದ ಮೇಲೆ ತೆರೆಯುತ್ತಿದ್ದರು. ನಮ್ಮ ಧರ್ಮಕ್ಕೆ ಆಗುತ್ತಿದ್ದ ತ್ರಾಸು ಅಷ್ಟೇ.

ಕಳೆದ ಮಳೆಗಾಲದಲ್ಲಿ ಮರಿಗಳ ಒಂದು ತಂಡ ಪೂರ್ತಿ ಭೇದಿಯಾಗಿ ಸತ್ತಿತು. ಮರಿ ಕೊಡುವ ಕಂಪನಿಯ ಸುಪರ್‌ವೈಜರ್ ಶೆಡ್ಡಿನ ಬಾಗಿಲಲ್ಲೇ ನಿಂತು, "ವೈನಿ, ಬರೋ ಸರತಿನೂ ಹಿಂಗ ಆತಂದ್ರ ಮುಂದ ಮರಿ ಬರಂಗಿಲ್ರಿ," ಅಂದ. ಮರಿ ಬರದಿದ್ದರೆ ದಸರೆ ಮುಗಿದ ಮೇಲೆ ನಾನೂ ಗಂಡನೂ ಕಬ್ಬು ಕಡಿಯಲು ಹೋಗಬೇಕು. ಸೊಂಟ ಬಿದ್ದ ಅತ್ತೆಯನ್ನು ನಾದಿನಿ ಕರೆದೊಯ್ಯುತ್ತಾಳೆ. ನಾಲ್ಕನೇ ಇಯತ್ತೆಯಲ್ಲಿದ್ದ ಮಗಳನ್ನು ಮಾತ್ರ ಸಾಲೆ ಬಿಡಿಸಿ ನಾವೇ ಒಯ್ಯಬೇಕು.

ಹೊಸ ಮರಿ ಬಂದ ವಾರದಲ್ಲೇ ಡಫಳಾಪುರದಲ್ಲಿ ಕೋಳಿ ಸಾಕುವವರ ತರಬೇತಿಗೆ ಓಡಿದೆ. ಅಲ್ಲಿಯ ಡಾಕ್ಟರಬಾಯಿ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಹಣ್ಣಿನ ವ್ಯಾಪಾರಿ ತೋಟದಲ್ಲೇ ಬಿಟ್ಟುಹೋದ ಸೀಳು ದಾಳಿಂಬೆಯ ಸಿಪ್ಪೆ ತರಬೇಕು, ಬೆಲ್ಲ ಮಜ್ಜಿಗೆ ಹಾಕಿ ಡ್ರಮ್ಮಿನಲ್ಲಿ ಒತ್ತಿ, ಬಿಗಿಯಾಗಿ ಮುಚ್ಚಿ ಹುಳಿ ಬರಿಸಬೇಕು. ಅದನ್ನು ಕಾಳಿನಲ್ಲಿ ಸ್ವಲ್ಪ ಕಲಸಿದರೆ ಮರಿಯ ಕರುಳು ಗಟ್ಟಿಯಾಗುತ್ತದೆ. ಹಾಕುವ ಮೊದಲು ಮಾತ್ರ ನಾಲಿಗೆಗೆ ಹಚ್ಚಿ ನೋಡಬೇಕು: ಹುಳಿ, ಒಗರು ಇದ್ದರೆ ಸರಿ, ಮುಗ್ಗಲು ಕಹಿ ಬಂದರೆ ಚೆಲ್ಲಬೇಕು.

ನಾನು ಹಾಗೇ ಮಾಡಿದೆ. ಆದರೆ ಡ್ರಮ್ಮು ಹುದುಗಲು ಹತ್ತಿದಾಗ ಅಂಗಳದ ತುಂಬ ಸೆರೆಯಂಗಡಿಯ ಹೆಂಡದ ವಾಸನೆ. ಅತ್ತೆ ಸೆರಗು ಮೂಗಿಗೆ ಹಿಡಿದು ಬಂದರು.

"ಲಿಂಗ ಕಟ್ಟಿದ ಮನ್ಯಾಗ ಸೆರಿ ಕಾಸಾಕ ಹತ್ತೀರೇನವಾ? ಮುಚ್ಚಳಾ ತಗೀರಿ, ವಾಸನಿ ಹೋಗಲಿ."

ಗಂಡ ತಾಯಿಯ ಮಾತು ಎಂದಾದರೂ ಮೀರಿದ್ದಾನೆಯೆ? ತೆಗೆದ. ಡ್ರಮ್ಮಿನ ಬಾಯಿಗೆ ಅರಿವೆ ಕಟ್ಟಿದ. ದಿನವೂ ಒಬ್ಬೊಬ್ಬರಾಗಿ ಅರಿವೆ ಸರಿಸಿ ಮೂಸಿ ನೋಡುವುದೇ ಕೆಲಸವಾಯಿತು. ನಾಲಿಗೆಗೆ ಹಚ್ಚುವವರು ಯಾರು? ಕೋಳಿ ಒಯ್ಯಲು ಬರುವ ಮುಸಲ್ಮಾನ ವ್ಯಾಪಾರಿಗೆ ಕೇಳಿದೆ, ಅವರು ಕಿವಿ ಹಿಡಿದುಕೊಂಡರು. "ತೋಬಾ, ನಮಗೂ ಅದು ಹರಾಮ್ ಐತಿ ಅಕ್ಕಾ. ನೀವ ನೋಡ್ರಿ." ಇಬ್ಬರ ದೇವರೂ ಆ ಡ್ರಮ್ಮಿನ ವಿಷಯದಲ್ಲಿ ಒಂದೇ ಮಾತಿನವರು.

ಒಂದು ಮುಂಜಾನೆ ಸೆರೆ ವಾಸನೆ ಹೋಗಿತ್ತು. ಅತ್ತೆ, "ಈಗ ಚಲೋ ಆತು ನೋಡು," ಎಂದು ನಿಟ್ಟುಸಿರು ಬಿಟ್ಟರು. ನನಗೂ ಸಮಾಧಾನ. ಮೇಲಿನ ಬಿಳಿ ಪೊರೆ ಸರಿಸಿ, ಕೆಳಗಿನದು ತೆಗೆದು, ಯಾರೂ ನಾಲಿಗೆಗೆ ಹಚ್ಚದೆಯೇ ಕಾಳಿಗೆ ಕಲಸಿದೆವು.

ಮರಿಗಳು ಮೊದಲು ಕಾಳು ಬಿಟ್ಟವು. ಆಮೇಲೆ ರೆಕ್ಕೆ ಜೋಲಿಸಿ ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದವು. ಔಷಧಿ ಕೊಟ್ಟೆವು, ನೀರು ಬದಲಿಸಿದೆವು, ಗಂಡ ಸತ್ತವನ್ನು ಬುಟ್ಟಿ ತುಂಬಿ ಹೊತ್ತು ಹೊತ್ತು ಅಳತೊಡಗಿದ. ನನಗೆ ಸಿಟ್ಟು ನೆತ್ತಿಗೇರಿತು. ಡ್ರಮ್ಮಿಗೆ ಕೈ ಅದ್ದಿ, ಎಲ್ಲರ ಎದುರಿಗೇ ಬೆರಳು ಬಾಯಿಗಿಟ್ಟುಕೊಂಡೆ. ಕಹಿ. ಹಳೇ ಗೋಡೆ ನೆಕ್ಕಿದ ಹಾಗೆ ಮುಗ್ಗಲು ಕಹಿ. ಗಾಳಿ ಹೊಕ್ಕು ಬೂಸ್ಟು ಹಿಡಿದಿತ್ತು.

ಅತ್ತೆ ಬೈಯಲಿಲ್ಲ. ಗೋಡೆ ಹಿಡಿದು ಬಂದು ಅಂಗೈ ಚಾಚಿದರು. "ನನಗೂ ಹಾಕವಾ." ಹಾಕಿದೆ. ನೆಕ್ಕಿದರು, ಉಗುಳಲಿಲ್ಲ, ನುಂಗಿದರು. ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಡ್ರಮ್ಮಿನ ಪಕ್ಕದಲ್ಲೇ ಕುಳಿತುಬಿಟ್ಟರು.

ಸುಪರ್‌ವೈಜರ್ ಬಂದು ಕಂಪನಿಯ ಉಳಿದ ಕಾಳಿನ ಚೀಲಗಳನ್ನು ಗಾಡಿಗೆ ಹೇರಿಕೊಂಡು ಹೋದ, ನಮ್ಮ ಮುಖ ನೋಡಲಿಲ್ಲ. ಅದೇ ಸಂಜೆ ಗಂಡ ಕಬ್ಬು ಕಡಿಯಲು ಆಳು ಒಯ್ಯುವ ಮುಕಾದಮನಿಗೆ ಫೋನು ಮಾಡಿದ. ಮಗಳು ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು.

"ಅಲ್ಲಿ ಸಾಲಿ ಇರತೈತೇನಬೇ?"

"ಇರತೈತಿ," ಎಂದೆ. ಅವಳು ಚೀಲ ತೆಗೆದುಕೊಂಡು ಹೋಗಿ ನಾನು ಕಟ್ಟುತ್ತಿದ್ದ ಬಟ್ಟೆಯ ಗಂಟಿನ ಮೇಲೆ ಇಟ್ಟಳು.