ಎರಡು ನಂಬರು ದೊಡ್ಡ ಬೂಟು

ಆ ಬೂಟಿಗೆ ತೆತ್ತದ್ದು ನೂರಾ ಹತ್ತು ರೂಪಾಯಿ, ಮೇಲೆ ನನ್ನ ಮುಂದಿನ ಒಂದು ಹಲ್ಲು. ದುಬಾರಿಗೆ ಕಾರಣ ಟಿ.ವಿ. ಜಾಹೀರಾತು. ಅದರಲ್ಲಿ ಒಬ್ಬ ಹುಡುಗ ಆ ಬೂಟು ಹಾಕಿಕೊಂಡು ಒದ್ದರೆ ಬಾಗಿಲೇ ಮುರಿದು ಬೀಳುತ್ತಿತ್ತು. ಹತ್ತು ವರ್ಷದ ನನಗೆ ಅದೇ ಬೇಕಿತ್ತು.

ಬೋರಗಾಂವದಿಂದ ಬಸ್ಸು ಹಿಡಿದು ನಿಪ್ಪಾಣಿಗೆ ಹೋದೆವು. ಅವ್ವ ಚೌಕಾಶಿಗೆ ಕೂತಳು. ಅಂಗಡಿಯವನು ಬೆಲೆ ಇಳಿಸಲಿಲ್ಲ.

"ಟಿ.ವ್ಯಾಗ ಬರೂ ಮಾಲ್ರಿ ಅಕ್ಕಾರ, ಒಂದ ಭಾವ."

"ಹಂಗಾರ ಅದ ಭಾವಕ್ಕ ಎರಡ ನಂಬರ ದೊಡ್ಡದು ಕೊಡ್ರಿ. ಮೂರ ವರ್ಷ ಬರ್ಲಿ."

ಮನೆಗೆ ಬಂದು ತುದಿಗೆ ಹಳೆ ಸೀರೆಯ ಚಿಂದಿ ತುರುಕಿದಳು. ಗೆದ್ದೆವು ಅಂದುಕೊಂಡೆವು.

ಚಿಂದಿ ತುರುಕಿದ್ದನ್ನು ಕಂಡಿದ್ದ ಕಾಕಾನ, ಅಂದರೆ ಅಪ್ಪನ ತಮ್ಮನ, ಮಗ ಮರುದಿನ ಮನೆಯ ಮುಂದೆ, "ಒಳಗ ಚಿಂದಿ, ಮ್ಯಾಲ ಜಂಬಾ!" ಎಂದು ಕುಣಿದ. ಜಾಹೀರಾತಿನ ಹುಡುಗನಂತೆ ಓಡಿಬಂದು ಬೀಸಿ ಒದ್ದೆ. ಅವನು ಬಗ್ಗಿದ. ಬೂಟು ಕಾಲಿಂದ ಕಳಚಿ ಹಾರಿ, ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ ಕಾಕಾನ ಮುಖಕ್ಕೆ ಬಡಿಯಿತು. ತುಟಿ ಒಡೆದು ರಕ್ತ ಸೋರಿತು.

ನಮ್ಮ ಕಡೆ ಕಲ್ಲೇಟು ಮರೆಯುತ್ತಾರೆ, ಕೆರದೇಟು ಮರೆಯುವುದಿಲ್ಲ. ಕಾಕಾ ಅದೇ ಬೂಟಿನಿಂದ ನನ್ನ ಬಾಯಿಗೆ ಬಾರಿಸಿದ. ಹಲ್ಲು ಮಣ್ಣಿಗೆ ಬಿತ್ತು. ಅಪ್ಪ ಓಡಿಬಂದವನೇ ತಮ್ಮನ ಕುತ್ತಿಗೆ ಹಿಡಿದು ಗೋಡೆಗೆ ಜಜ್ಜಿದ.

"ಕೂಸಿನ ಮ್ಯಾಲ ಕೈ ಮಾಡ್ತಿಯೇನಲೇ?"

"ಎಲ್ಲಿ ಕೂಸು? ನೀನ ಕಲಿಸಿ ಒಗಿಸಿದಿ! ಮಂದಿ ಮುಂದ ನನಗ ಕೆರಾ ಬಡಿಸಿದಿ!"

ಕಾಕಾ ಕೊಸರಿಕೊಂಡು ಕಬ್ಬು ಕಡಿಯುವ ಕೊಯ್ತಾ ಎತ್ತಿದ. ಅದು ಅಪ್ಪನ ಕುತ್ತಿಗೆಯ ನೇರಕ್ಕೇ ಇತ್ತು. ಕಟ್ಟೆಯವರು ಹತ್ತಿರ ಬರಲಿಲ್ಲ.

ಅವ್ವ ನಡುವೆ ನುಗ್ಗಿ ಬೂಟನ್ನು ನೆಲಕ್ಕೆ ಕುಕ್ಕಿ, ಚಿಂದಿ ಕಿತ್ತು, ತನ್ನ ಕಾಲನ್ನೇ ಒಳಗಿಟ್ಟಳು.

"ನೋಡ್ರಿ, ನನ್ನ ಕಾಲ ಹಿಡೀತೈತಿ! ಅಂವ ಒಗದಿಲ್ಲ, ಅದ ಕಳಚೈತಿ. ಜಿಪುಣತನ ನಂದು. ಕಡಿಯೂದಾದ್ರ ನನ್ನ ಕಡೀರಿ."

ಕಟ್ಟೆಯಿಂದ ಯಾರೋ ಅಂದರು: "ಲೇ, ತಾಯಿ-ಮಗನಿಗೆ ಕೂಡೇ ಒಂದ ಜೋಡ ತಂದಾರಲೇ!" ನಗು ಎದ್ದಿತು. ಕಾಕಾ ಅವ್ವನ ಕಾಲನ್ನು ನೋಡಿದ, ಚಿಂದಿಯನ್ನು ನೋಡಿದ. ಅವಳು ಕಾಲು ತೆಗೆದ ಮೇಲೆ ಕೊಯ್ತಾ ಇಳಿಯಿತು, ಬೂಟಿನ ಮೇಲೆ. ನನ್ನ ಕಾಲಲ್ಲಿದ್ದ ಇನ್ನೊಂದನ್ನೂ ಕಿತ್ತುಕೊಂಡು ಎರಡನ್ನೂ ಚೂರು ಚೂರು ಮಾಡಿದ. ಅಪ್ಪ ಉಳಿದ.

ಮಕ್ಕಳಿಗೆ ಬೂಟು ಕೊಳ್ಳುವವರು ಕೇಳಿ: ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಉಬ್ಬಿರುತ್ತದೆ. ಮಗುವನ್ನು ಅಂಗಡಿಯಲ್ಲೇ ಓಡಿಸಿ ನೋಡಿ. ಭಾವ ಇಳಿಯದಿದ್ದರೆ ಒಂದು ಜೊತೆ ಕಾಲುಚೀಲ ಕೇಳಿ, ದೊಡ್ಡ ನಂಬರು ಕೇಳಬೇಡಿ.