ಡೆಲ್ಫಿನಾಳ ಮೂಳೆ ಸಾರು

ಡಾನ್ ಎವಾಸಿಯೊ ಪಾದ್ರಿಗೆ ಕ್ಯಾನನ್ ಪದವಿಗೇರುವ ಹುಚ್ಚು ಹಿಡಿದು ಒಂಬತ್ತು ವರ್ಷವಾಗಿತ್ತು. ಗುಡ್ಡದ ಮೇಲಿನ ಬಡ ಊರನ್ನು ಬಿಟ್ಟು, ಕೆಳಗಿನ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಬಿಷಪ್ಪರ ಪಕ್ಕದ ಸಾಲಿನಲ್ಲಿ ಕೂತು ಪ್ರಾರ್ಥನೆ ಹಾಡಬೇಕು, ಅಷ್ಟೇ ಆಸೆ. ಆ ಸಾಲಿನಲ್ಲಿ ಹನ್ನೆರಡೇ ಪೀಠ. ಒಬ್ಬರು ಸತ್ತರೆ ಮಾತ್ರ ಇನ್ನೊಬ್ಬರಿಗೆ ಜಾಗ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಕ್ಯಾನನ್ನರ ನೇರಳೆ ಮೇಲಂಗಿಯನ್ನೂ ಹೊಲಿಸಿಟ್ಟಿದ್ದ. ಅದನ್ನು ಹಾಸಿಗೆ ಬಟ್ಟೆಗಳ ನಡುವೆ ಬಚ್ಚಿಟ್ಟು ಬಿಸಿಲಿಗೆ ಹಾಕುವವಳು ಅಕ್ಕ ಡೆಲ್ಫಿನಾ. ಊರಿಗೆಲ್ಲ ಗೊತ್ತಿತ್ತು.

ತಮ್ಮ ಪಾದ್ರಿಯಾದ ದಿನದಿಂದ, ಇಪ್ಪತ್ತೆರಡು ವರ್ಷ, ಅವನಿಗೆ ಬೇಯಿಸಿ ಹಾಕಿದವಳು ಆಕೆ. ಗುಡ್ಡ ಹತ್ತಿಳಿದು ಮೊಣಕಾಲು ಸವೆದಿದ್ದವು. ಅವನಿಗೆ ಪೀಠ ಸಿಕ್ಕರೆ ತಾನೂ ಪಟ್ಟಣದ ಸಮನೆಲದಲ್ಲಿ ನಡೆದಾಡಬಹುದು ಎಂದು ಅವಳೂ ಕಾಯುತ್ತಿದ್ದಳು.

೧೯೦೮ರ ಚಳಿಗಾಲದಲ್ಲಿ ಎಂಬತ್ತಾರರ ಕ್ಯಾನನ್ ಪ್ರೊತಾಸಿಯೊ ಹಾಸಿಗೆ ಹಿಡಿದರು. ಊರು ಹೋಗು, ಕಾಡು ಬಾ ಅನ್ನುವ ಸ್ಥಿತಿ, ಸಾಯುವವರಿಗೆ ಎಣ್ಣೆ ಹಚ್ಚುವ ಅಂತ್ಯಾಭ್ಯಂಗವೂ ಆಗಿತ್ತು. ಆ ಪೀಠಕ್ಕೆ ಕಣ್ಣಿಟ್ಟ ಇನ್ನೂ ಮೂವರು ಪಾದ್ರಿಗಳು ಅವರಿಗಾಗಿ ಪ್ರಾರ್ಥಿಸುತ್ತಿರುವುದಾಗಿ ಹೇಳಿ ಕಳಿಸಿದರು.

"ಪ್ರಾರ್ಥನೆ ಯಾರ ಕಣ್ಣಿಗೆ ಕಾಣುತ್ತೆ? ನೀನು ಸಾರು ಮಾಡಕ್ಕ. ದಿನಾ ಹಾಸಿಗೆ ಪಕ್ಕ ನಾನೇ ಕಾಣಿಸ್ಬೇಕು, ಬಿಷಪ್ಪರ ಕಿವಿಗೆ ಬೀಳ್ಬೇಕು," ಎಂದ ಎವಾಸಿಯೊ.

ಡೆಲ್ಫಿನಾ ದನದ ಮೂಳೆಯನ್ನು ಬೆಳಗಿನಿಂದ ಕುದಿಸಿ, ಇಳಿಸುವಾಗ ಒಂದು ಗುಟುಕು ಕೆಂಪು ವೈನು ಸುರಿದಳು. ಮೊದಲ ವಾರ ಮುದುಕರು ಎರಡು ಚಮಚ ಕುಡಿದರು. ಎರಡನೆಯ ವಾರ ಎದ್ದು ಕೂತರು. ಮೂರನೆಯ ವಾರ ಉಪ್ಪು ಕಡಿಮೆಯಾಯಿತು ಎಂದರು.

"ಏನಕ್ಕ ಹಾಕ್ತಿದೀಯ ಅದಕ್ಕೆ? ಇವತ್ತು ನನ್ ಜೊತೆ ಇಸ್ಪೀಟಾಡಿ ಗೆದ್ಬಿಟ್ಟ ಮುದುಕ!"

"ಮೂಳೆ."

"ಸ್ವಲ್ಪ ನೀರು ಜಾಸ್ತಿ ಮಾಡಬಾರ್ದಾ?"

ಡೆಲ್ಫಿನಾ ಸೌಟನ್ನು ಕುಕ್ಕಿದಳು. "ನಿನ್ನ ಪೀಠಕ್ಕೆ ಈ ಮುರುಕು ಮೊಣಕಾಲೂರಿ ಜಪ ಮಾಡು ಅಂದ್ರೆ ಮಾಡ್ತೀನಿ. ನೀರು ಸಾರು ಮಾತ್ರ ನನ್ನ ಕೈಲಾಗಲ್ಲ ಕಣೋ. ಬೇಕಿದ್ರೆ ಹೋಗೋದ್ನೇ ನಿಲ್ಸು."

ನಿಲ್ಲಿಸುವುದು ಹೇಗೆ? ಎಂಥ ಕರುಣಾಳು ಎಂದು ಪಟ್ಟಣವೆಲ್ಲ ಹೊಗಳುತ್ತಿತ್ತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಈಸ್ಟರ್ ದಿನ ಪ್ರೊತಾಸಿಯೊ ತಮ್ಮ ಕಾಲ ಮೇಲೆ ನಡೆದುಬಂದು ಪೀಠದಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡಿದರು. ಅವರ ಮನೆಗೆ ಊಟಕ್ಕೆ ಬಂದ ಬಿಷಪ್ಪರು ಆ ಸಾರನ್ನು ಎರಡು ಸಲ ಹಾಕಿಸಿಕೊಂಡರಂತೆ.

ತಿಂಗಳೊಳಗೆ ಬಿಷಪ್ಪರ ಮುದ್ರೆಯ ಕಾಗದ ಬಂತು. ಎವಾಸಿಯೊ ಶಿಲುಬೆ ಗುರುತು ಹಾಕಿಕೊಂಡು ಒಡೆದ. ಪೂಜ್ಯರ ಅರಮನೆಯ ಅಡುಗೆಗೆ ಡೆಲ್ಫಿನಾ ಬರಬೇಕು. ಇಂಥ ದಯಾಳು ಗುರುವನ್ನು ಗುಡ್ಡದ ಬಡವರಿಂದ ಕಿತ್ತುಕೊಳ್ಳುವುದು ಪಾಪ. ಡಾನ್ ಎವಾಸಿಯೊ ಅಲ್ಲೇ ಇರಲಿ.

ಡೆಲ್ಫಿನಾಗೆ ತಡೆಯಲಾರದಷ್ಟು ಸಂತೋಷವಾಯಿತು. ತಮ್ಮನ ಮುಖ ನೋಡಿ ನಾಚಿಕೆಯೂ ಆಯಿತು.

ಹೊರಡುವ ದಿನ ಅವನೇ ಗಂಟು ಹೊತ್ತು ಗಾಡಿಯವರೆಗೆ ಬಂದ. "ಬಡಿಸೋವಾಗ ನನ್ನ ಹೆಸರು ಒಂದು ಮಾತು ಹೇಳ್ತೀಯ ಅಲ್ವಾ ಅಕ್ಕ?"

"ಹೇಳ್ತೀನಿ. ಒಳ್ಳೆ ಪಾದ್ರಿ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನನ್ನ ತಮ್ಮ, ಒಬ್ಬನೇ ಇದಾನೆ, ಒಲೆ ಹಚ್ಚೋಕೂ ಬರಲ್ಲ ಅಂತ ಹೇಳ್ತೀನಿ."